ಲಿಂಗಮ್ಮ ದಾನಮ್ಮನಾದ ನಾಡಿನಲ್ಲಿ ಹೆಸರಿನ ಹಿರಿಮೆ

ಹುಟ್ಟಿದ ಕೂಸಿಗೆ ತಾಯಿ ಹಾಲು ಕೊಡುತ್ತಾಳೆ, ತಂದೆ ಅನ್ನ ಕೊಡುತ್ತಾನೆ, ಬಂಧು ಬಳಗ ಹೆಸರು ಕೊಡುತ್ತದೆ. ಹಾಲಿನ ಋಣ ಕೆಲವು ತಿಂಗಳು, ಅನ್ನದ ಋಣ ಕೆಲವು ವರ್ಷ. ಹೆಸರಿನ ಋಣ ಮಾತ್ರ ಮಣ್ಣಿಗೆ ಹೋಗುವವರೆಗೆ, ಪುಣ್ಯವಂತರಾದರೆ ಅದರಾಚೆಗೂ ಉಳಿಯುತ್ತದೆ. ಆದುದರಿಂದಲೇ ಹಿರಿಯರು ನಾಮಕರಣವನ್ನು ಸಂಸ್ಕಾರವೆಂದು ಕರೆದರು.

ಜತ್ತ ಸೀಮೆಯಲ್ಲಿ ತೊಟ್ಟಿಲಿಗೆ ಹಾಕುವ ದಿನದ ಸೊಗಸನ್ನು ಕಾಣದವರಿಲ್ಲ. ಕನ್ನಡದ ಮನೆಯಲ್ಲಿ ಅದು ತೊಟ್ಟಿಲ ಶಾಸ್ತ್ರ, ಮರಾಠಿ ಮನೆಯಲ್ಲಿ ಬಾರಸೆ. ಮುತ್ತೈದೆಯರು ತೊಟ್ಟಿಲು ತೂಗಿ ಜೋಗುಳ ಹಾಡುತ್ತಾರೆ. ಕೂಸಿನ ಸೋದರತ್ತೆ ಬಾಗಿ, ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಹೆಸರು ಹೇಳುತ್ತಾಳೆ. ಆಗ ಸುತ್ತಲಿನ ಹೆಂಗಳೆಯರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಗುಗ್ಗರಿ ಹಂಚಿ, ಎಲೆ ಅಡಿಕೆ ಕೊಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಹೆಸರು ಮಾತ್ರ ಕೂಸಿನೊಡನೆ ಉಳಿಯುತ್ತದೆ.

ಆದರೆ ಆ ದಿನಕ್ಕೆ ಮೊದಲು ಮನೆಯೊಳಗೆ ನಡೆಯುವ ಮಾತುಕತೆ ಸಣ್ಣದಲ್ಲ. ಅಜ್ಜನ ಹೆಸರು ಇಡಬೇಕೆಂದು ಅಜ್ಜಿಯ ಹಟ. ‘ಕಲ್ಲಪ್ಪ ಅಂದರೆ ಶಾಲ್ಯಾಗ ನಗತಾರವ್ವ’ ಎಂದು ಸೊಸೆಯ ಸಂಕೋಚ. ‘ದೊಡ್ಡ ಮನಿತನದ ಹೆಸರು ಇಡೂಣು, ಕೇಳಿದವರು ಯಾರ ಮಗ ಅಂತ ತಿರುಗಿ ನೋಡಬೇಕು’ ಎಂದು ತಂದೆಯ ಆಸೆ. ಈ ಮೂರು ಮಾತುಗಳ ಹಿಂದೆ ಸಾವಿರಾರು ವರ್ಷಗಳ ಇತಿಹಾಸವಿದೆ. ಹೆಸರಿನಲ್ಲಿ ಮೇಲು ಕೀಳು ಹೇಗೆ ಬಂದಿತು, ಅದನ್ನು ಯಾರು ಪ್ರಶ್ನಿಸಿದರು, ಈ ಸೀಮೆಯ ಮಹಾತಾಯಿಯ ಹೆಸರೇ ಈ ವಿಷಯದಲ್ಲಿ ಏನನ್ನು ಕಲಿಸುತ್ತದೆ ಎಂಬುದನ್ನು ಭಕ್ತಾದಿಗಳು ಅರಿಯುವುದು ಉಚಿತ.

ಶಾಸ್ತ್ರಗಳು ಹೇಳಿದ ಹೆಸರು

ಗೃಹ್ಯಸೂತ್ರಗಳು ನಾಮಕರಣದ ವಿಧಿಯನ್ನು ವಿವರವಾಗಿ ಹೇಳುತ್ತವೆ. ಆಶ್ವಲಾಯನ ಗೃಹ್ಯಸೂತ್ರದಂತೆ ಗಂಡು ಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳು, ಹೆಣ್ಣು ಮಗುವಿನ ಹೆಸರಿನಲ್ಲಿ ಬೆಸ ಸಂಖ್ಯೆಯ ಅಕ್ಷರಗಳು ಇರಬೇಕು. ಮನುಸ್ಮೃತಿಯ ಎರಡನೆಯ ಅಧ್ಯಾಯವು ಹತ್ತನೆಯ ಅಥವಾ ಹನ್ನೆರಡನೆಯ ದಿನ ಹೆಸರಿಡಬೇಕೆನ್ನುತ್ತದೆ. ಹೆಣ್ಣು ಮಗುವಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕಠೋರವಾಗಿರಬಾರದು, ಮನಸ್ಸಿಗೆ ಹಿತವಾಗಿದ್ದು ದೀರ್ಘಸ್ವರದಿಂದ ಮುಗಿಯಬೇಕು ಎಂದು ಅಲ್ಲಿಯೇ ಹೇಳಿದೆ. ಇಷ್ಟರಮಟ್ಟಿಗೆ ಆ ಮಾತು ಯಾರಿಗೂ ಒಪ್ಪಿಗೆಯಾಗುವಂಥದು.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯೂ ಇದೆ. ಬ್ರಾಹ್ಮಣನ ಹೆಸರು ಮಂಗಳಸೂಚಕವಾಗಿರಬೇಕು, ಕ್ಷತ್ರಿಯನದು ಬಲಸೂಚಕ, ವೈಶ್ಯನದು ಧನಸೂಚಕ, ಶೂದ್ರನ ಹೆಸರು ಮಾತ್ರ ಹೇಯವಾಗಿರಬೇಕು ಎಂಬುದು ಆ ವಿಧಿಯ ತಾತ್ಪರ್ಯ. ತೊಟ್ಟಿಲಲ್ಲಿ ಮಲಗಿದ ಕೂಸು ಇನ್ನೂ ಕಣ್ಣು ಬಿಟ್ಟು ಲೋಕವನ್ನು ನೋಡಿರುವುದಿಲ್ಲ. ಅಷ್ಟರಲ್ಲಿಯೇ ಅದರ ಅಂತಸ್ತನ್ನು ಅದರ ಹೆಸರಿನಲ್ಲಿ ಬರೆದಾಗಿರುತ್ತದೆ. ದೊಡ್ಡ ಹೆಸರು ದೊಡ್ಡವರ ಸ್ವತ್ತು ಎಂಬ ಭಾವನೆ ಹೀಗೆ ಗ್ರಂಥಸ್ಥವಾಯಿತು. ಮುಂದಿನ ಕಾಲದಲ್ಲಿ ಜನರು ದೊಡ್ಡ ಹೆಸರುಗಳಿಗಾಗಿ ಏಕೆ ಹಂಬಲಿಸಿದರು ಎಂಬುದಕ್ಕೆ ಕಾರಣವನ್ನು ಇಲ್ಲಿಂದಲೇ ಹುಡುಕಬೇಕು.

ಅರಸರಿಗೂ ಎರಡು ಹೆಸರು

ಹೆಸರನ್ನು ಹಿಗ್ಗಿಸಿಕೊಳ್ಳುವ ಆಸೆ ಬಡವರದು ಮಾತ್ರವಲ್ಲ. ಕನ್ನಡ ನಾಡನ್ನಾಳಿದ ಅರಸರಲ್ಲಿಯೂ ಮನೆಯ ಹೆಸರು ಬೇರೆ, ಸಿಂಹಾಸನದ ಹೆಸರು ಬೇರೆ ಎಂಬ ರೂಢಿಯಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನನ್ನು ಕನ್ನಡ ಶಾಸನಗಳು ‘ಕನ್ನರದೇವ’ ಎಂದು ಕರೆಯುತ್ತವೆ. ಕಲ್ಯಾಣದ ಚಾಲುಕ್ಯರಲ್ಲಿ ಅತ್ಯಂತ ಪ್ರಸಿದ್ಧನಾದ ಆರನೆಯ ವಿಕ್ರಮಾದಿತ್ಯನಿಗೆ (1076-1126) ‘ಪೆರ್ಮಾಡಿ’ ಎಂಬ ಹೆಸರೂ ಇತ್ತು. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ ಹೊಯ್ಸಳ ವಿಷ್ಣುವರ್ಧನನು ‘ಬಿಟ್ಟಿದೇವ’ನಾಗಿದ್ದವನು. ಜನರ ಬಾಯಲ್ಲಿ ಕನ್ನಡದ ಹೆಸರು ಓಡಾಡುತ್ತಿದ್ದರೆ, ಬಿರುದಾವಳಿಯಲ್ಲಿ ಸಂಸ್ಕೃತದ ಹೆಸರು ಮೆರೆಯುತ್ತಿತ್ತು.

ಅರಸನ ಮನೆಯಲ್ಲಿ ನಡೆದದ್ದು ಸಾಮಂತನ ಮನೆಗೆ ಬರುತ್ತದೆ, ಅಲ್ಲಿಂದ ಗೌಡನ ಮನೆಗೆ, ಗೌಡನ ಮನೆಯಿಂದ ಒಕ್ಕಲಿಗನ ಗುಡಿಸಲಿಗೆ ಇಳಿಯುತ್ತದೆ. ಹೆಸರುಗಳ ಇತಿಹಾಸವೆಲ್ಲ ಬಹುಮಟ್ಟಿಗೆ ಈ ಇಳಿಜಾರಿನ ಇತಿಹಾಸವೇ. ನೀರು ಮೇಲಿನ ಹೊಲದಿಂದ ಕೆಳಗಿನ ಹೊಲಕ್ಕೆ ಹರಿಯುವಂತೆ ಹೆಸರೂ ಹರಿಯುತ್ತದೆ. ಕೆಳಗಿನ ಹೊಲಕ್ಕೆ ನೀರು ತಲುಪುವಷ್ಟರಲ್ಲಿ ಮೇಲಿನವರು ಬೇರೊಂದು ಹೊಸ ಹೆಸರನ್ನು ಹುಡುಕಿಕೊಂಡಿರುತ್ತಾರೆ.

ಶರಣರು ಮಾಡಿದ ಮಾರ್ಪಾಟು

ಈ ಇಳಿಜಾರನ್ನು ಸಮತಟ್ಟು ಮಾಡಿದವರು 12ನೆಯ ಶತಮಾನದ ಶಿವಶರಣರು. ಅವರ ಕಾರ್ಯಕ್ಷೇತ್ರವು ಜತ್ತ ಸೀಮೆಗೆ ದೂರದ್ದಲ್ಲ. ಕಲಚುರಿ ಬಿಜ್ಜಳನ ಮಂಗಳವಾಡವೆಂದರೆ ಈಗಿನ ಸೋಲಾಪುರ ಜಿಲ್ಲೆಯ ಮಂಗಳವೇಢೆ. ಅದು ಜತ್ತದ ನೆರೆಯ ತಾಲೂಕು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಅಲ್ಲಿಯೇ ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಸೋಲಾಪುರವೂ ಹತ್ತಿರವೇ. ಆ ಮಹಾಯೋಗಿಯ ತಂದೆತಾಯಿಗಳ ಹೆಸರು ಮುದ್ದುಗೌಡ, ಸುಗ್ಗವ್ವೆ ಎಂದು; ಹೊಲದ ಮಣ್ಣಿನ ವಾಸನೆಯಿರುವ ಅಚ್ಚ ಕನ್ನಡದ ಹೆಸರುಗಳು.

ಶರಣರು ಯಾರ ಹೆಸರನ್ನೂ ಅಳಿಸಲಿಲ್ಲ, ಯಾರಿಗೂ ಎರವಲು ಹೆಸರನ್ನು ತೊಡಿಸಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ ಎಂಬ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಬೇಕು. ಮುಂದೆ ಕಾಯಕ ನಿಂತಿದೆ, ಹಿಂದೆ ‘ಅಯ್ಯ’ ‘ಅಣ್ಣ’ ಎಂಬ ಗೌರವ ನಿಂತಿದೆ, ನಡುವೆ ಮನುಷ್ಯನಿದ್ದಾನೆ. ಚರ್ಮದ ಕೆಲಸ ಮಾಡುವವನೂ ಅಯ್ಯ, ಹಗ್ಗ ಹೊಸೆಯುವವನೂ ಅಯ್ಯ. ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ, ಸತ್ಯಕ್ಕ ಎಂಬ ಶರಣೆಯರ ಹೆಸರುಗಳೂ ಹಾಗೆಯೇ. ಲಕ್ಕಮ್ಮ ಎಂಬುದು ಲಕ್ಷ್ಮಿ ಎಂಬುದರ ಆಡುಮಾತಿನ ರೂಪ. ಆ ಆಡುಮಾತಿನ ಹೆಸರಿಗೇ ಅನುಭವ ಮಂಟಪದಲ್ಲಿ ಮನ್ನಣೆ ದೊರೆಯಿತು.

ಮೋಳಿಗೆ ಮಾರಯ್ಯನವರ ಕಥೆ ಇನ್ನೂ ವಿಶೇಷವಾದುದು. ಅವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರುವ ಕಾಯಕ ಹಿಡಿದರೆಂದು ಪರಂಪರೆಯ ಕಥೆಯಿದೆ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಲೋಕವೆಲ್ಲ ಕಟ್ಟಿಗೆಯ ಹೆಸರಿನಿಂದ ರಾಜನ ಹೆಸರಿನ ಕಡೆಗೆ ಓಡುತ್ತಿರುವಾಗ, ರಾಜನ ಹೆಸರಿನಿಂದ ಕಟ್ಟಿಗೆಯ ಹೆಸರಿಗೆ ಬಂದು ಹೆಮ್ಮೆಪಟ್ಟವರು ಅವರು.

ಮಂಗಳವೇಢೆಯಲ್ಲಿಯೇ ಮುಂದೆ 14ನೆಯ ಶತಮಾನದಲ್ಲಿ ಸಂತ ಚೋಖಾಮೇಳರು ಬಾಳಿದರು. ಊರ ಗೋಡೆ ಕಟ್ಟುವಾಗ ಅದು ಕುಸಿದು 1338ರಲ್ಲಿ ಅವರು ಮಡಿದರೆಂದು ವಾರಕರಿ ಪರಂಪರೆ ನೆನೆಯುತ್ತದೆ. ಅಸ್ಪೃಶ್ಯರೆಂದು ಊರ ಹೊರಗಿರಿಸಿದ ಆ ಮನೆತನದಲ್ಲಿ ಚೋಖಾಮೇಳರ ತಂಗಿಯ ಹೆಸರು ನಿರ್ಮಳಾ. ಮೈಲಿಗೆಯ ಮನೆಯೆಂದು ಜನ ಕರೆದಲ್ಲಿ ನಿರ್ಮಳಾ ಎಂಬ ಹೆಸರು! ಇದಕ್ಕಿಂತ ಮೌನವಾದ, ಇದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಬೇಕಿಲ್ಲ.

ಗೌಡ, ರಾವ್, ಸಿಂಹ, ಸಾಹೇಬ

ಆದಿಲಶಾಹಿ ಕಾಲದಲ್ಲಿ ಅಧಿಕಾರದ ಹೆಸರುಗಳು ಮನೆತನದ ಹೆಸರುಗಳಾದವು. ದೇಸಾಯಿ, ದೇಶಮುಖ, ದೇಶಪಾಂಡೆ, ಕುಲಕರ್ಣಿ, ಪಾಟೀಲ, ನಾಡಗೌಡ ಎಂಬುವೆಲ್ಲ ಮೊದಲು ಹುದ್ದೆಗಳು, ಆಮೇಲೆ ಅಡ್ಡಹೆಸರುಗಳು. ಜತ್ತ ಸಂಸ್ಥಾನದ ಮನೆತನವೇ ಇದಕ್ಕೆ ಸಮೀಪದ ಉದಾಹರಣೆ. ಅವರು ಮೂಲತಃ ಚವ್ಹಾಣರು. ತಾಲೂಕಿನ ಡಫಳಾಪುರದ ಪಾಟೀಲಕಿ ಅವರದಾಗಿದ್ದುದರಿಂದ ಊರ ಹೆಸರಿನಿಂದ ಡಫಳೆ ಎನಿಸಿದರು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾದ ಕಾಲದಲ್ಲಿ ಸತ್ವಾಜಿರಾವ್ ಡಫಳೆಯವರು ಈ ಸೀಮೆಯಲ್ಲಿ ಮನೆತನದ ಆಳಿಕೆಯನ್ನು ಗಟ್ಟಿಗೊಳಿಸಿದರು. ಮುಂದೆ ಈ ವಂಶದಲ್ಲಿ ಅಮೃತರಾವ್, ರಾಮರಾವ್ ಎಂಬ ಹೆಸರುಗಳು ಮರಳಿ ಮರಳಿ ಬಂದವು. 1928ರಲ್ಲಿ ರಾಮರಾವ್ ಅವರ ತರುವಾಯ ಪಟ್ಟಕ್ಕೆ ಬಂದವರು ವಿಜಯಸಿಂಹರಾವ್. 1948ರ ಮಾರ್ಚ್‌ನಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅವರೇ ಕೊನೆಯ ಅರಸರು. ಜತ್ತದ ರಾಜೆ ರಾಮರಾವ್ ಮಹಾವಿದ್ಯಾಲಯದ ಹೆಸರಿನಲ್ಲಿ ಆ ಕಾಲದ ನೆನಪು ಉಳಿದಿದೆ. ಸತ್ವಾಜಿಯಿಂದ ರಾಮರಾವ್, ರಾಮರಾವ್‌ನಿಂದ ವಿಜಯಸಿಂಹ: ಅರಮನೆಯ ಹೆಸರುಗಳೂ ಕಾಲಕ್ಕೆ ತಕ್ಕಂತೆ ಉಡುಪು ಬದಲಿಸುತ್ತವೆ ಎಂಬುದಕ್ಕೆ ಈ ಮೂರು ಹೆಸರುಗಳೇ ಸಾಕ್ಷಿ. ಊರ ಗಣ್ಯರ ಮನೆಗಳಲ್ಲಿಯೂ ರಾವ್ ಬಂದಿತು. ಮುಂದೆ ರಣಜಿತಸಿಂಹ, ಪ್ರತಾಪಸಿಂಹ, ಉದಯಸಿಂಹ ಎಂಬ ಹೆಸರುಗಳು ಸಾಂಗಲಿ, ಕೊಲ್ಹಾಪುರದ ಕಡೆಗೆಲ್ಲ ಹಬ್ಬಿದವು.

ಜೈನ ಹಾಗೂ ಲಿಂಗಾಯತ ಒಕ್ಕಲುತನದ ಮನೆಗಳಲ್ಲಿ ಸಾತಗೊಂಡ, ಪಾಯಗೊಂಡ, ಬಾಬಗೊಂಡ ಎಂಬ ಹೆಸರುಗಳು ಬಹುಕಾಲದವು. ಇಲ್ಲಿಯ ‘ಗೊಂಡ’ ಎಂಬುದು ಕನ್ನಡದ ಗೌಡನೇ. ರಯತ ಶಿಕ್ಷಣ ಸಂಸ್ಥೆಯನ್ನು 1919ರಲ್ಲಿ ಸ್ಥಾಪಿಸಿ ಸಾವಿರಾರು ಬಡ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದ ಭಾವುರಾವ್ ಪಾಟೀಲರ (1887-1959) ಪೂರ್ಣ ಹೆಸರು ಭಾವುರಾವ್ ಪಾಯಗೊಂಡ ಪಾಟೀಲ. ತಂದೆಯ ಹೆಸರಿನಲ್ಲಿ ಕನ್ನಡದ ಗೌಡನಿದ್ದಾನೆ, ಮಗನ ಹೆಸರಿನಲ್ಲಿ ಮರಾಠಿಯ ರಾವ್ ಇದ್ದಾನೆ. ಆದರೆ ಮಹಾರಾಷ್ಟ್ರದ ಜನರು ಅವರನ್ನು ನೆನೆಯುವುದು ‘ಕರ್ಮವೀರ’ ಎಂದು. ಅದು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ, ಜನರು ಕೊಟ್ಟದ್ದು.

ಈ ಭಾಗದ ಇನ್ನೊಂದು ವೈಶಿಷ್ಟ್ಯವೆಂದರೆ ‘ಸಾಹೇಬ’ ಎಂಬ ಹೆಸರುಗಳು. ಅಣ್ಣಾಸಾಹೇಬ, ಅಪ್ಪಾಸಾಹೇಬ, ಬಾಳಾಸಾಹೇಬ, ದಾದಾಸಾಹೇಬ, ಬಾಪುಸಾಹೇಬ ಎಂಬುವು ಮೊದಲು ಹಿರಿಯರನ್ನು ಮಂದಿ ಗೌರವದಿಂದ ಕರೆಯುತ್ತಿದ್ದ ರೀತಿ. ಹತ್ತು ಊರಿನ ನ್ಯಾಯ ಬಗೆಹರಿಸಿದ ಮೇಲೆ, ಹಸಿದವರಿಗೆ ಕಣಜ ತೆರೆದ ಮೇಲೆ ದೊರೆಯುವ ಹೆಸರು ಅದು. ಕಾಲಾಂತರದಲ್ಲಿ ಅದೇ ತೊಟ್ಟಿಲ ಕೂಸಿನ ಹೆಸರಾಯಿತು. ಶಾಲೆಯ ಹಾಜರಿ ಪಟದಲ್ಲಿ ಆರು ವರ್ಷದ ಅಪ್ಪಾಸಾಹೇಬ, ಏಳು ವರ್ಷದ ಬಾಳಾಸಾಹೇಬ! ಗೌರವವನ್ನು ಗಳಿಸುವ ಮೊದಲೇ ಸಾಲವಾಗಿ ಪಡೆದಂತೆ ಇದು. ಆ ಸಾಲವನ್ನು ತೀರಿಸುವ ಹೊಣೆ ಮಾತ್ರ ಮಗುವಿನ ಮೇಲೆ ಬೀಳುತ್ತದೆ.

ಕೀಳು ಹೆಸರಿನ ಎರಡು ಬಗೆ

ಕೇಳಿದರೆ ಕೀಳೆನಿಸುವ ಹೆಸರುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅವುಗಳಲ್ಲಿ ಪ್ರೀತಿಯಿಂದ ಇಟ್ಟವು ಕೆಲವು, ತಿರಸ್ಕಾರದಿಂದ ಹಚ್ಚಿದವು ಕೆಲವು.

ಹುಟ್ಟಿದ ಮಕ್ಕಳು ಒಂದರ ಮೇಲೊಂದು ತೀರಿಕೊಂಡ ಮನೆಯಲ್ಲಿ ತಾಯಿಯ ಎದೆ ನಡುಗುತ್ತದೆ. ಚೆಂದದ ಹೆಸರಿಟ್ಟರೆ ಕೇಡಿನ ಕಣ್ಣು ಬಿದ್ದೀತು ಎಂಬ ಅಂಜಿಕೆಯಿಂದ ಅವಳು ಕೂಸನ್ನು ತಿಪ್ಪೆಯ ಮೇಲೆ ಒಂದು ಕ್ಷಣ ಮಲಗಿಸಿ ಎತ್ತಿಕೊಂಡು ‘ತಿಪ್ಪಣ್ಣ’ ‘ತಿಪ್ಪವ್ವ’ ಎಂದಳು. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ‘ಕಲ್ಲಪ್ಪ’, ‘ಗುಂಡಪ್ಪ’ ಎಂದಳು. ಮರಾಠಿಯ ದಗಡು, ಧೋಂಡು ಎಂಬ ಹೆಸರುಗಳೂ ಕಲ್ಲಿನವೇ. ಕಚರು ಎಂಬುದು ಕಸದ ಹೆಸರು. ಭಾಷೆ ಎರಡಾದರೂ ತಾಯಂದಿರ ಭಯ ಒಂದೇ. ಇನ್ನು ಪೀರರ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಗುವಿಗೆ ಫಕೀರಪ್ಪ ಎಂದು ಹೆಸರಿಡುವ ರೂಢಿ ಬಿಜಾಪುರ ಸೀಮೆಯ ಉದ್ದಕ್ಕೂ ಇದೆ. ಮಡ್ಡಿ ಬೇಸಾಯದ, ಮೇಲಿಂದ ಮೇಲೆ ಬರಗಾಲ ಕಂಡ ಈ ನಾಡಿನಲ್ಲಿ ಮಗು ಬದುಕಿ ಉಳಿಯುವುದೇ ದೊಡ್ಡ ಭಾಗ್ಯವಾಗಿತ್ತು. ಇಂಥ ಹೆಸರುಗಳಲ್ಲಿ ಕೀಳುತನವಿಲ್ಲ, ತಾಯಿಯ ಕಣ್ಣೀರಿದೆ.

ಎರಡನೆಯ ಬಗೆಯ ಹೆಸರುಗಳು ಹಾಗಲ್ಲ. ಒಂದೇ ಬಸವನ ಹೆಸರು ಓಣಿಯಿಂದ ಓಣಿಗೆ ಬೇರೆಯಾಗುತ್ತಿತ್ತು. ವಾಡೆಯಲ್ಲಿ ಬಸವಂತರಾವ್, ಗೌಡರ ಮನೆಯಲ್ಲಿ ಬಸಗೊಂಡ, ಒಕ್ಕಲಿಗರಲ್ಲಿ ಬಸಪ್ಪ, ಊರ ಹೊರಗಿನ ಕೇರಿಯಲ್ಲಿ ‘ಬಸ್ಯಾ’. ಯಲ್ಲಪ್ಪನು ‘ಯಲ್ಲ್ಯಾ’, ಪರಸಪ್ಪನು ‘ಪರಸ್ಯಾ’. ತಂದೆತಾಯಿ ಇಟ್ಟ ಹೆಸರಿನ ಬಾಲವನ್ನು ಕತ್ತರಿಸಿ ಕರೆಯುವ ಅಧಿಕಾರ ಊರಿಗಿತ್ತು. ನೆರೆತ ಗಡ್ಡದ ಮುದುಕನನ್ನೂ ಹತ್ತು ವರ್ಷದ ಹುಡುಗ ಹಾಗೆಯೇ ಕೂಗುತ್ತಿದ್ದ. 1818ರ ಕೋರೆಗಾಂವ ಕಾಳಗದ ಸ್ಮಾರಕ ಸ್ತಂಭದ ಮೇಲೆ ಮಹಾರ ಸೈನಿಕರ ಹೆಸರುಗಳು ‘ನಾಕ’ ಎಂದು ಮುಗಿಯುತ್ತವೆ. ಹೆಸರು ಕೇಳಿದೊಡನೆ ಜಾತಿ ತಿಳಿಯುವಂತಿದ್ದ ಕಾಲ ಅದು.

ಆದುದರಿಂದ ಕೇರಿಯಲ್ಲಿ ಹುಟ್ಟಿದ ಮಗುವಿಗೆ ತಂದೆ ಸಿದ್ಧಾರ್ಥ, ಆನಂದ, ರಾಜೇಂದ್ರ, ಯಶೋಧರಾ ಎಂದು ಹೆಸರಿಟ್ಟಾಗ ಅದನ್ನು ದೊಡ್ಡಸ್ತಿಕೆಯ ಹುಚ್ಚೆಂದು ನಗುವುದು ಅನ್ಯಾಯ. ನೂರಾರು ವರ್ಷ ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವನು ತನ್ನ ಮಗು ಒಳಗೆ ಬರಲೆಂದು ತೆರೆದ ಬಾಗಿಲು ಅದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆದ ತರುವಾಯ ಮಹಾರಾಷ್ಟ್ರದಲ್ಲಿ ಬುದ್ಧಚರಿತ್ರೆಯ ಹೆಸರುಗಳು ಮನೆಮನೆಗೆ ಬಂದವು. ಹೆಸರು ಹಿಡಿದು ಜಾತಿಯನ್ನು ಅಳೆಯುವವರ ಕೈಯಿಂದ ಅಳತೆಗೋಲನ್ನು ಕಸಿದುಕೊಂಡ ಕೆಲಸವದು.

ಬೇಡವಾದ ಮಗಳು

ತಿರಸ್ಕಾರದ ಹೆಸರು ಜಾತಿಗಷ್ಟೇ ಸೀಮಿತವಾಗಿರಲಿಲ್ಲ. ಅದು ಮನೆಯೊಳಗೂ ಇತ್ತು. ಸಾಂಗಲಿಗೆ ಹೊಂದಿಕೊಂಡಿರುವ ಸಾತಾರಾ ಜಿಲ್ಲೆಯಲ್ಲಿ ಗಂಡು ಮಗುವಿನ ಹಾದಿ ನೋಡುತ್ತಿದ್ದ ಮನೆಗಳಲ್ಲಿ ಮೂರನೆಯದೋ ನಾಲ್ಕನೆಯದೋ ಹೆಣ್ಣಾಗಿ ಹುಟ್ಟಿದರೆ ‘ನಕುಸಾ’ ಎಂದು ಹೆಸರಿಡುವ ರೂಢಿಯಿತ್ತು. ‘ಬೇಡವಾದವಳು’ ಎಂಬುದೇ ಅದರ ಅರ್ಥ. ಈ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆಂಬ ನಂಬಿಕೆ. ಶಾಲೆಯಲ್ಲಿ ಗುರುಗಳು ಹಾಜರಿ ಕೂಗಿದಾಗಲೆಲ್ಲ ಆ ಬಾಲೆ ‘ಬೇಡವಾದವಳು ಬಂದಿದ್ದೇನೆ’ ಎಂದು ಎದ್ದು ನಿಲ್ಲಬೇಕಾಗಿತ್ತು. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲಾ ಆಡಳಿತವು ಸಮಾರಂಭವನ್ನೇ ಏರ್ಪಡಿಸಿ ಇಂಥ 285 ಹೆಣ್ಣುಮಕ್ಕಳಿಗೆ ಹೊಸ ಹೆಸರುಗಳನ್ನು ನೀಡಿತು. ದೇವಿಯರ ಹೆಸರು, ಚಲನಚಿತ್ರ ತಾರೆಯರ ಹೆಸರು, ತಮಗೆ ಇಷ್ಟವಾದ ಹೆಸರನ್ನು ಹುಡುಗಿಯರು ಆರಿಸಿಕೊಂಡರು.

ಕನ್ನಡದ ‘ಸಾಕವ್ವ’ ಎಂಬ ಹೆಸರೂ ಕೆಲವು ಮನೆಗಳಲ್ಲಿ ಹೆಣ್ಣು ಇನ್ನು ಸಾಕು ಎಂಬ ಅರ್ಥದಲ್ಲಿಯೇ ಬಂದುದು. ದೇವಿಯ ತೇರು ಎಳೆಯುವ ಕೈಗಳು ಮಗಳಿಗೆ ‘ಸಾಕು’ ಎಂದು ಹೆಸರಿಟ್ಟರೆ ಆ ತೇರಿನ ಮೇಲೆ ಕುಳಿತ ತಾಯಿಗೆ ಹೇಗೆ ಮೆಚ್ಚುಗೆಯಾದೀತು? ಭಕ್ತಾದಿಗಳು ಯೋಚಿಸಬೇಕಾದ ಮಾತು ಇದು.

ಮದುವೆಯಲ್ಲಿ ಸೊಸೆಯ ಹೆಸರನ್ನು ಬದಲಿಸುವ ಪದ್ಧತಿಯೂ ಮರಾಠಿ ಸೀಮೆಯ ಹಲವು ಮನೆತನಗಳಲ್ಲಿದೆ. ತಟ್ಟೆಯಲ್ಲಿ ಅಕ್ಕಿ ಹರವಿ, ಬಂಗಾರದ ಉಂಗುರದಿಂದ ಹೊಸ ಹೆಸರನ್ನು ಬರೆಯುತ್ತಾರೆ. ನೋಟಕ್ಕೆ ಅದು ಮಂಗಲವೇ. ಆದರೆ ತವರಿನವರು ಇಪ್ಪತ್ತು ವರ್ಷ ಕರೆದ ಹೆಸರು ಒಂದು ಹಿಡಿ ಅಕ್ಕಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಸೊಸೆಯ ಮನಸ್ಸನ್ನು ಕೇಳಿ ಈ ಕಾರ್ಯ ನಡೆದರೆ ಮಾತ್ರ ಅದಕ್ಕೆ ಶೋಭೆ.

ಅಜ್ಜನ ಹೆಸರು, ಶಾಲೆಯ ಹೆಸರು

1948ರ ನಂತರ ಜತ್ತ ತಾಲೂಕಿನ ವಿಳಾಸವೇ ಬದಲಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು. 1960ರಲ್ಲಿ ಅದಕ್ಕೆ ಸಾಂಗಲಿ ಜಿಲ್ಲೆಯೆಂಬ ಹೆಸರು ಬಂದಿತು. ತಾಲೂಕಿನ ಪೂರ್ವ ಭಾಗದ ಸಂಖ, ಉಮದಿ, ಗುಡ್ಡಾಪುರ, ಉಮರಾಣಿ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಹೀಗಾಗಿ ಮನೆಯಲ್ಲಿ ಮಲ್ಲಪ್ಪನಾದವನು ಕಾಗದದಲ್ಲಿ ‘ಮಲ್ಲಾಪ್ಪಾ’ ಆದನು. ಮನೆಯ ಮಲ್ಲವ್ವ ಶಾಲೆಯಲ್ಲಿ ಮಾಲತಿಯಾದಳು, ಸಿದ್ದವ್ವ ಸಿಂಧುವಾದಳು. ಒಬ್ಬ ಮನುಷ್ಯನಿಗೆ ಎರಡು ಹೆಸರು. ತಂದೆ ತೀರಿದ ಮೇಲೆ ಸಾತಬಾರಾ ಉತಾರದಲ್ಲಿ ವಾರಸಾ ಹಚ್ಚುವಾಗ ಈ ಎರಡು ಹೆಸರುಗಳು ಎದುರುಬದುರು ನಿಂತು ಬಡ ರೈತನನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸುತ್ತವೆ.

ಕಾಯಿದೆಯ ವಿಷಯದಲ್ಲಿ ಭಕ್ತಾದಿಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಡುವ ಮೊದಲೇ ಮಗುವಿನ ಜನನವನ್ನು ನೋಂದಾಯಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. ಈ ಕಾಯಿದೆಗೆ ಮಾಡಿದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ ಮೊದಲಾದ ಕೆಲಸಗಳಲ್ಲಿ ಹುಟ್ಟಿದ ದಿನಾಂಕ ಹಾಗೂ ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಮಹಾರಾಷ್ಟ್ರ ಸರಕಾರವು 2024ರಲ್ಲಿ ಇನ್ನೊಂದು ನಿರ್ಣಯ ಕೈಗೊಂಡಿತು. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರಕಾರಿ ಕಾಗದಪತ್ರಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಬಂದಿತು. ಮಗನ ಹೆಸರಿನ ಬಗಲಲ್ಲಿ ತಾಯಿಗೂ ಸ್ಥಾನ ದೊರೆಯಿತು. ಮೊದಲ ದಿನವೇ ಹೆಸರನ್ನು ಯೋಚಿಸಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೆಡದಂತೆ ಬರೆಯಿಸಿದರೆ ಮುಂದೆ ಕಷ್ಟವಿಲ್ಲ.

ಈಚಿನ ದಶಕಗಳಲ್ಲಿ ಹೆಸರುಗಳ ಪುಸ್ತಕ, ದೂರದರ್ಶನ, ಸಿನಿಮಾಗಳಿಂದ ಹೊಸ ಹೆಸರುಗಳು ಬಂದಿವೆ. ಅಪ್ಪ, ಅವ್ವ ಎಂದು ಮುಗಿಯುವ ಹೆಸರುಗಳನ್ನು ಹಳ್ಳಿಯವೆಂದು ಬಿಡಲಾಗುತ್ತಿದೆ. ದಾನವ್ವನ ಮೊಮ್ಮಗಳಿಗೆ ಅಜ್ಜಿಯ ಹೆಸರು ಹೇಳಲು ನಾಚಿಕೆಯಾಗುವ ಕಾಲ ಬಂದಿದೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಪ್ಪನಿಗಿಂತ, ಅವ್ವನಿಗಿಂತ ದೊಡ್ಡದಾದ ಗೌರವದ ಮಾತು ಕನ್ನಡದಲ್ಲಿ ಯಾವುದಿದೆ? ವಚನ ಸಾಹಿತ್ಯದ ತಾಡವೋಲೆಗಳನ್ನು ಮನೆಮನೆ ತಿರುಗಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಬಿಜಾಪುರದ ಮಹನೀಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ (1880-1964). ಜತ್ತದ ಪೂರ್ವಕ್ಕೆ ಸಮೀಪವಿರುವ ಹಲಸಂಗಿಯಲ್ಲಿ ಜಾನಪದ ಗೀತೆಗಳನ್ನು ಬೆಳಕಿಗೆ ತಂದ ಗೆಳೆಯರು ಚೆನ್ನಮಲ್ಲಪ್ಪ, ರೇವಪ್ಪ, ಲಿಂಗಣ್ಣ, ಧೂಲಾಸಾಹೇಬ. ಆ ಚೆನ್ನಮಲ್ಲಪ್ಪನವರೇ ಕನ್ನಡಿಗರ ಮಧುರಚೆನ್ನರು (1903-1953). ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕುವೆಂಪು ಅವರ ಹೆಸರಿನೊಳಗೆ ಕುಳಿತಿರುವವರು ‘ಪುಟ್ಟಪ್ಪ’. ಇವರಾರ ಹೆಸರೂ ದೊಡ್ಡ ಮನೆತನದ ಹೆಸರಿನಂತೆ ಕೇಳಿಸುವುದಿಲ್ಲ. ಇವರು ಬಾಳಿದ ಮೇಲೆ ಆ ಹೆಸರುಗಳೇ ದೊಡ್ಡವಾದವು.

ಉಮರಾಣಿಯ ಲಿಂಗಮ್ಮ

ಈ ಎಲ್ಲ ಮಾತಿಗೂ ಕಳಶವಿಟ್ಟಂತಿದೆ ಗುಡ್ಡಾಪುರದ ತಾಯಿಯ ಚರಿತ್ರೆ. ಜತ್ತ ತಾಲೂಕಿನ ಉಮರಾಣಿಯಲ್ಲಿ ಅನಂತರಾಯ, ಶಿರಸಮ್ಮ ಎಂಬ ದಂಪತಿಗಳ ಉದರದಲ್ಲಿ ಆಕೆ ಜನಿಸಿದಳೆಂದು ಪುರಾಣಪರಂಪರೆ ಹೇಳುತ್ತದೆ. ತಂದೆತಾಯಿ ಇಟ್ಟ ಹೆಸರು ಲಿಂಗಮ್ಮ. ಅದರಲ್ಲಿ ರಾಣಿಯಿಲ್ಲ, ರಾಜೆಯಿಲ್ಲ. ಮನೆದೇವರ ಹೆಸರು ಮತ್ತು ಅಮ್ಮ ಎಂಬ ಮಾತು, ಇಷ್ಟೆ. ಹಸಿದು ಬಂದವರಿಗೆ ಅನ್ನ, ಬಳಲಿ ಬಂದವರಿಗೆ ನೆರಳು, ಬೇಡಿ ಬಂದವರಿಗೆ ಕೈತುಂಬ ಕೊಡುತ್ತ ಆಕೆ ಬೆಳೆದಳು. ಕಲ್ಯಾಣದ ಶರಣ ಸಂಕುಲದಲ್ಲಿ ಆಕೆಯ ದಾಸೋಹವನ್ನು ಕಂಡ ಬಸವಣ್ಣನವರು ‘ದಾನಮ್ಮ’ ಎಂದು ಕರೆದರೆಂದು ಭಕ್ತರು ನಂಬುತ್ತಾರೆ. ಅಂದಿನಿಂದ ಲಿಂಗಮ್ಮ ದಾನಮ್ಮನಾದಳು, ವರದಾನಿಯಾದಳು.

ಕಾರ್ತಿಕದ ಕೊನೆಯಲ್ಲಿ ಜಾತ್ರೆಗೆ ಗುಡ್ಡಾಪುರದ ಹಾದಿ ಹಿಡಿದು ಕರ್ನಾಟಕ, ಮಹಾರಾಷ್ಟ್ರದ ಊರೂರುಗಳಿಂದ ನಡೆದು ಬರುವ ಜನ ಕೂಗುವುದು ಆಕೆ ಗಳಿಸಿದ ಆ ಹೆಸರನ್ನೇ. ಆ ಜನರಲ್ಲಿ ದಾನಪ್ಪನಿದ್ದಾನೆ, ದಾನವ್ವನಿದ್ದಾಳೆ. ದಾನೇಶ, ದಾನೇಶ್ವರಿ ಎಂಬ ಹೊಸ ಕಾಲದ ಮಕ್ಕಳೂ ಇದ್ದಾರೆ. ಯಲ್ಲಮ್ಮನ ಯಲ್ಲಪ್ಪ, ಬೀರದೇವರ ಬೀರಪ್ಪ, ಹುಲಜಂತಿಯ ಮಾಳಿಂಗರಾಯನ ಮಾಳಪ್ಪ, ಪಂಢರಪುರದ ವಿಠ್ಠಲ, ಸೊನ್ನಲಿಗೆಯ ಸಿದ್ರಾಮಪ್ಪ ಎಲ್ಲರೂ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳಿತಿರುತ್ತಾರೆ. ಬಡಿಸುವವರು ಹೆಸರು ಕೇಳಿ ಅನ್ನ ನೀಡುವುದಿಲ್ಲ, ಹಸಿವು ನೋಡಿ ನೀಡುತ್ತಾರೆ.

ಆದುದರಿಂದ ತೊಟ್ಟಿಲ ಮುಂದೆ ನಿಂತ ತಂದೆತಾಯಿಗಳಿಗೆ ಈ ನಾಡಿನ ಇತಿಹಾಸ ಹೇಳುವ ಬುದ್ಧಿಮಾತು ಸರಳವಾಗಿದೆ. ಯಾವ ಮಗುವಿಗೂ ಅವಮಾನದ ಹೆಸರು ಬೇಡ; ಚೆಂದದ ಹೆಸರಿಗೆ ಎಲ್ಲರ ಮನೆಯ ಕೂಸೂ ಹಕ್ಕುದಾರ. ದೊಡ್ಡ ಹೆಸರಿಡುವ ಮನಸ್ಸಾದರೆ ಧಾರಾಳವಾಗಿ ಇಡಬೇಕು, ಆದರೆ ಅಜ್ಜ ಅಜ್ಜಿಯರ ಹೆಸರಿಗೆ ನಾಚಿ ಇಡಬಾರದು. ನೆರೆಮನೆಯವನ ಹೆಸರಿನ ಬಾಲವನ್ನು ಕತ್ತರಿಸಿ ಕರೆಯುವ ನಾಲಗೆ, ತನ್ನ ಮಗನಿಗೆ ಎಷ್ಟು ದೊಡ್ಡ ಹೆಸರಿಟ್ಟರೂ ಅದರಿಂದ ಪುಣ್ಯ ಬಾರದು. ಸೋದರತ್ತೆ ಕಿವಿಯಲ್ಲಿ ಹೇಳುವುದು ಮೊದಲ ಹೆಸರು ಮಾತ್ರ. ಬಾಳಿನ ಕೊನೆಗೆ ಊರು ಹೇಳುವ ಹೆಸರನ್ನು ಮಗು ತಾನೇ ದುಡಿದು ಸಂಪಾದಿಸಿಕೊಳ್ಳಬೇಕು.

ಲಿಂಗಮ್ಮನನ್ನು ದಾನಮ್ಮನನ್ನಾಗಿ ಮಾಡಿದ ಆ ದಾಸೋಹದ ಬುದ್ಧಿ ಎಲ್ಲರ ಮನೆಯ ತೊಟ್ಟಿಲಿಗೂ ಇಳಿದು ಬರಲಿ. ಗುಡ್ಡಾಪುರದ ಮಹಾತಾಯಿ ಸಕಲ ಭಕ್ತರ ಮಕ್ಕಳು ಮರಿಗಳಿಗೆ ಆಯುರಾರೋಗ್ಯವನ್ನೂ, ಇಟ್ಟ ಹೆಸರಿಗೆ ತಕ್ಕ ನಡತೆಯನ್ನೂ ಕರುಣಿಸಲಿ.

ಶುಭಂ ಭೂಯಾತ್.